ಪಿಟಿ ಮೇಷ್ಟ್ರ ಕೇಸು ಹಿಡಿದ ಹಾಸನದ ವಕೀಲರು: ಐದಕ್ಕೆ ನಾಲ್ಕು ಸ್ಟಾರ್

ಮೊದಲೇ ಹೇಳಿಬಿಡುತ್ತೇನೆ, ಈ ಮೇಡಂ ಫೋನ್ ಎತ್ತುವುದಿಲ್ಲ. ಒಂದು ಸ್ಟಾರ್ ಕಟ್ ಆಗಿದ್ದು ಅದಕ್ಕೇ. ಆಫೀಸು ಜೆರಾಕ್ಸ್ ಅಂಗಡಿಯ ಮೇಲೆ, ಮೆಟ್ಟಿಲು ಕಡಿದು, ಕೂರಲು ಮೂರೇ ಕುರ್ಚಿ. ಬೆಂಗಳೂರಿನಲ್ಲಿ ವರ್ಷಗಟ್ಟಲೆ ನೌಕರಿ ಕೇಸು ನಡೆಸಿ ಊರಿಗೆ ಬಂದವರು. ಕಾಲೇಜಿನಲ್ಲಿ ಖೋ ಖೋ ಆಡಿದ್ದರಂತೆ, ಅದಕ್ಕೇ ಇರಬೇಕು, ಕಾಲೇಜು ಕ್ರೀಡೆಯ ಅರ್ಹತೆ, ಕಾಗದಪತ್ರದ ಗೊಂದಲಗಳನ್ನೂ ನೋಡುತ್ತಾರೆ.

ನಾನು ಖಾಸಗಿ ಡಿಗ್ರಿ ಕಾಲೇಜಿನಲ್ಲಿ ಫಿಸಿಕಲ್ ಡೈರೆಕ್ಟರ್ ಆಗಿದ್ದೆ. 2024ರ ಆಗಸ್ಟ್‌ನಲ್ಲಿ ಕಬಡ್ಡಿ ಟೀಮಿನ ಎಲಿಜಿಬಿಲಿಟಿ ಫಾರ್ಮ್ ಟೇಬಲ್ ಮೇಲೆ ಬಂತು. ಅದರಲ್ಲೊಬ್ಬ ಒಳ್ಳೆ ರೈಡರ್, ಆದರೆ ಹುಡುಗ ಓದು ಬಿಟ್ಟು ಫ್ಯಾಕ್ಟರಿಗೆ ಸೇರಿ ಆಗಲೇ ಒಂದು ವರ್ಷ. ಯೂನಿವರ್ಸಿಟಿ ಪಂದ್ಯಕ್ಕೆ ರೆಗ್ಯುಲರ್ ಆಗಿ ಓದುತ್ತಿರುವವರೇ ಬೇಕು, ಫುಲ್ ಟೈಮ್ ಕೆಲಸದಲ್ಲಿರುವವರು ಆಡುವಂತಿಲ್ಲ. ಮೇಲಿನವರು 'ಸುಮ್ನೆ ಸೈನ್ ಹಾಕ್ರೀ' ಅಂದರು. ನನಗೆ ಭಯ ಆಯಿತು. ಸ್ನೇಹಿತರೊಬ್ಬರು ಈ ಮೇಡಂ ಹತ್ತಿರ ಕಳಿಸಿದರು.

500 ರೂಪಾಯಿ ಫೀಸು, ಅರ್ಧ ಗಂಟೆ. ಭಾಷಣ ಏನೂ ಇಲ್ಲ. 'ಮೇಷ್ಟ್ರೇ, ಬಾಯಲ್ಲಿ ಆಗಲ್ಲ ಅಂದ್ರೆ ನಾಳೆ ಯಾರೂ ಒಪ್ಪಲ್ಲ. ಯಾಕೆ ಸೈನ್ ಹಾಕಲ್ಲ ಅಂತ ಪ್ರಿನ್ಸಿಪಾಲರಿಗೆ ಬರೆದು ಕೊಡಿ, ನಿಮ್ಮ ಕಾಪಿ ಮೇಲೆ ಇನ್‌ವರ್ಡ್ ಸೀಲ್ ಒತ್ತಿಸ್ಕೊಳ್ಳಿ' ಅಂದರು. ಹಾಗೇ ಮಾಡಿದೆ. ಕ್ಲರ್ಕ್ ಓದದೇ ಸೀಲ್ ಒತ್ತಿದ. ಆ ನೀಲಿ ಸೀಲು ಆಮೇಲೆ ಎಷ್ಟು ಕೆಲಸಕ್ಕೆ ಬಂತು ಅಂದರೆ, ಅವನಿಗೆ ಒಂದು ಕಾಫಿ ಕೊಡಿಸಬೇಕಿತ್ತು.

ಸೆಪ್ಟೆಂಬರ್, ಅಕ್ಟೋಬರ್ ಸಂಬಳ ಬರಲಿಲ್ಲ. ನವೆಂಬರ್‌ನಲ್ಲಿ 'ನಾಳೆಯಿಂದ ಬರಬೇಡಿ, ರಾಜೀನಾಮೆ ಬರೆದುಕೊಡಿ' ಅಂದರು. 9 ವರ್ಷ 7 ತಿಂಗಳ ಸರ್ವಿಸ್ ಅಲ್ವಾ, ತಲೆ ಕೆಟ್ಟುಹೋಯಿತು. ಗಡಿಬಿಡಿಯಲ್ಲಿ ಬೇರೊಬ್ಬ ವಕೀಲರ ಹತ್ತಿರ ಹೋದೆ, ಅವರು ಲೇಬರ್ ಕೋರ್ಟಿಗೆ ಹಾಕೋಣ ಅಂತ ವಕಾಲತ್ತಿಗೆ ಸಹಿ ಹಾಕಿಸಿಕೊಳ್ಳುವುದರಲ್ಲಿದ್ದರು. ಪುಣ್ಯಕ್ಕೆ ಅವತ್ತು ಪೆನ್ನು ಎತ್ತಲಿಲ್ಲ.

ಮೇಡಂ ಕೇಳಿ ನಕ್ಕರು. ಶಿಕ್ಷಕರು ಕೈಗಾರಿಕಾ ವಿವಾದ ಕಾಯ್ದೆಯ ಲೆಕ್ಕದಲ್ಲಿ ಕಾರ್ಮಿಕರಲ್ಲ ಅಂತ ಸುಪ್ರೀಂ ಕೋರ್ಟ್ 1988ರಲ್ಲೇ ಹೇಳಿದೆಯಂತೆ. 'ನಾನು ಪಾಠ ಮಾಡಲ್ವಲ್ಲ, ಆಟ ಆಡಿಸ್ತೀನಿ' ಅಂದೆ. ಅದಕ್ಕೂ ಉತ್ತರ ಇತ್ತು. 1997ರಲ್ಲಿ ಆಂಧ್ರದ ಕೃಷಿ ವಿಶ್ವವಿದ್ಯಾಲಯದ ಕೇಸಿನಲ್ಲಿ ಅದೇ ಕೋರ್ಟು ಫಿಸಿಕಲ್ ಡೈರೆಕ್ಟರ್ ಕೂಡ ಟೀಚರೇ ಅಂದಿದೆ. ಅಲ್ಲಿಯವರಿಗೆ ಅದರಿಂದ ಲಾಭ, ಅಧ್ಯಾಪಕರ ಹಾಗೆ 60ಕ್ಕೆ ನಿವೃತ್ತಿ. ನನಗೆ ಅದೇ ತೀರ್ಪಿನಿಂದ ಲೇಬರ್ ಕೋರ್ಟಿನ ಬಾಗಿಲು ಬಂದ್. ಕೆಲಸ ವಾಪಸ್ ಬೇಕಾದರೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಗೆ ಮೂರು ತಿಂಗಳೊಳಗೆ ಹೋಗಬೇಕು, ಜಿಲ್ಲಾ ನ್ಯಾಯಾಧೀಶರೇ ಅಲ್ಲಿ ಕೂರುತ್ತಾರೆ. ಎಷ್ಟು ಟೈಮ್ ಹಿಡಿಯುತ್ತೆ ಅನ್ನುವುದನ್ನೂ ಮುಚ್ಚಿಡದೆ ಹೇಳಿದರು. ಅಷ್ಟರಲ್ಲಿ ಚನ್ನರಾಯಪಟ್ಟಣದ ಕಡೆ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತ್ತು, ನನಗೂ ಆ ಕಾಲೇಜಿನ ಮುಖ ನೋಡುವ ಮನಸ್ಸಿರಲಿಲ್ಲ. ಗ್ರಾಚ್ಯುಟಿ, ಅಂದರೆ ಕೆಲಸ ಬಿಟ್ಟಾಗ ಸರ್ವಿಸ್ ಲೆಕ್ಕದಲ್ಲಿ ಬರುವ ದುಡ್ಡು, ಅಷ್ಟು ಸಾಕು ಅಂದೆ.

ಒಂದು ಹಳೇ ಕೇಸ್‌ಲಿಸ್ಟಿನ ಹಿಂದೆ ಲೆಕ್ಕ ಹಾಕಿದರು. ಬೇಸಿಕ್, ಡಿಎ ಸೇರಿ 26,000. ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ಒಂದು ವರ್ಷದ ಸರ್ವಿಸ್‌ಗೆ 15,000. ಆರು ತಿಂಗಳು ದಾಟಿದ್ದರಿಂದ 10 ವರ್ಷ ಅಂತಲೇ ಲೆಕ್ಕ. ಒಂದೂವರೆ ಲಕ್ಷ. ಟೀಚರ್‌ಗಳಿಗೆ ಗ್ರಾಚ್ಯುಟಿ ಇಲ್ಲ ಅಂತ ಕಾಲೇಜಿನವರು ಉತ್ತರ ಕೊಟ್ಟರು. ಗ್ರಾಚ್ಯುಟಿ ಕಾಯ್ದೆಯ 2009ರ ತಿದ್ದುಪಡಿಯಲ್ಲಿ ಟೀಚರ್‌ಗಳನ್ನು ಸೇರಿಸಿದ್ದಾರೆ, 2022ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿದಿದೆ, ಅಷ್ಟನ್ನೇ ಒಂದು ಪುಟದಲ್ಲಿ ಬರೆದು ಕಾರ್ಮಿಕ ಇಲಾಖೆಯ ಅಧಿಕಾರಿ ಮುಂದೆ ಇಟ್ಟರು. ಹುಡುಗನ ವಿಷಯಕ್ಕೆ ನನ್ನನ್ನೇ ಕಳ್ಳ ಮಾಡಲು ನೋಡಿದಾಗ ಸೀಲ್ ಒತ್ತಿದ ಕಾಪಿ ತೆಗೆದರು. ಕಾಲೇಜಿನವರ ಬಾಯಿ ಕಟ್ಟಿತು. 2025ರ ಜುಲೈನಲ್ಲಿ ದುಡ್ಡು ಬಂತು. ಎರಡು ತಿಂಗಳ ಸಂಬಳ ಇನ್ನೂ ಬಂದಿಲ್ಲ, ಅದನ್ನು ಕೇಳಲು ಫೋನ್ ಮಾಡಿದರೆ ಮತ್ತದೇ ಕತೆ, ರಿಂಗ್ ಆಗುತ್ತಲೇ ಇರುತ್ತೆ.

ಜೂನ್‌ನಲ್ಲಿ ಪ್ರಿಂಟ್‌ಔಟ್‌ಗೆ ಕಾಯುತ್ತಿದ್ದಾಗ ಅಮೆರಿಕದ ಸುದ್ದಿ ತೆಗೆದರು. ಅಲ್ಲಿ ಇಂಥ ಫಾರ್ಮ್ ನೋಡುವುದಕ್ಕೇ ಯೂನಿವರ್ಸಿಟಿಗಳಲ್ಲಿ ಒಂದು ಕಂಪ್ಲಯನ್ಸ್ ಆಫೀಸು ಇರುತ್ತಂತೆ. ಆಗಷ್ಟೇ ಅಲ್ಲಿನ ಕೋರ್ಟು ಒಂದು ರಾಜಿಗೆ ಒಪ್ಪಿಗೆ ಕೊಟ್ಟಿತ್ತು: ಮೊದಲ ವರ್ಷ ಒಂದೊಂದು ಯೂನಿವರ್ಸಿಟಿ ಆಟಗಾರರಿಗೆ ನೇರವಾಗಿ ಸುಮಾರು 2 ಕೋಟಿ 5 ಲಕ್ಷ ಡಾಲರ್‌ವರೆಗೆ ಹಂಚಬಹುದು. ಆದರೂ ಆಟಗಾರ ನೌಕರನೋ ವಿದ್ಯಾರ್ಥಿಯೋ ಅನ್ನುವ ಜಗಳ ಮುಗಿದಿಲ್ಲ. 'ನೋಡಿ ಮೇಷ್ಟ್ರೇ, ಅಲ್ಲೂ ನಿಮ್ಮದೇ ಕೇಸು' ಅಂದರು. ನನ್ನ ಒಂದೂವರೆ ಲಕ್ಷ ಎಲ್ಲಿ, ಆ ಕೋಟಿ ಎಲ್ಲಿ!

ಹೋಗುವವರು ಅಪಾಯಿಂಟ್‌ಮೆಂಟ್ ಆರ್ಡರ್, ಸ್ಯಾಲರಿ ಸ್ಲಿಪ್, ಬ್ಯಾಂಕ್ ಪಾಸ್‌ಬುಕ್ ತಗೊಂಡು ಹೋಗಿ. ನನ್ನದು ಹಳೇ ಕಾಯ್ದೆ ಪ್ರಕಾರ ಆಗಿದ್ದು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ, ನಿಮ್ಮದನ್ನು ಹೊಸದಾಗಿ ಕೇಳಿಕೊಳ್ಳಿ. ಹಾಸನಾಂಬ ದರ್ಶನದ ದಿನಗಳಲ್ಲಿ ಮಾತ್ರ ಆ ಕಡೆ ಹೋಗಬೇಡಿ, ಗಾಡಿ ನಿಲ್ಲಿಸಲು ಜಾಗ ಸಿಗಲ್ಲ. ಬಾಗಿಲು ಹಾಕಿದ್ದರೆ ಕೆಳಗಿನ ಜೆರಾಕ್ಸ್ ಅಂಗಡಿಯವರನ್ನು ಕೇಳಿ. ಮೇಡಂ ಕೋರ್ಟಿನಲ್ಲಿದ್ದಾರೋ ಊಟಕ್ಕೆ ಹೋಗಿದ್ದಾರೋ ಅವರಿಗೆ ಗೊತ್ತಿರುತ್ತೆ.