ಮುಖದ ಎಲುಬಿನ ಉಬ್ಬಿಗೆ ಕಾಸರಗೋಡಿನಲ್ಲಿ ಸಿಕ್ಕ ಸಮಾಲೋಚನೆ

ಕಾಸರಗೋಡು ಪೇಟೆಯಲ್ಲಿ ದವಡೆ ಮತ್ತು ಮುಖದ ಶಸ್ತ್ರಚಿಕಿತ್ಸೆಗೆಂದೇ ಇರುವ ಒಂದು ಸಣ್ಣ ಕ್ಲಿನಿಕ್ಕಿನ ಸೇವೆಯ ಕುರಿತು ಈ ಬರಹ. ನನ್ನ ತಮ್ಮನ ಮಗಳ ಎಡ ಮೇಲ್ದವಡೆ ನೋವೇ ಇಲ್ಲದೆ ನಿಧಾನವಾಗಿ ಉಬ್ಬುತ್ತ ಬಂದಿತ್ತು. ಬೇರೆ ಕಡೆ ಹಲ್ಲಿನ ಸೋಂಕೆಂದು ಮಾಡಿಸಿದ ಔಷಧದಿಂದ ಗುಣ ಕಾಣದೆ, ಸಿಟಿ ಸ್ಕ್ಯಾನ್ ಹಾಗೂ ಬಯಾಪ್ಸಿ ವರದಿ ಹಿಡಿದು ಇಲ್ಲಿಗೆ ಬಂದೆವು. ವರದಿಯಲ್ಲಿದ್ದ ಹೆಸರು ಫೈಬ್ರಸ್ ಡಿಸ್‌ಪ್ಲೇಸಿಯಾ, ಅಂದರೆ ಗಟ್ಟಿ ಎಲುಬಿನ ಜಾಗದಲ್ಲಿ ನಾರಿನಂಥ ಅಂಗಾಂಶ ಬೆಳೆಯುವ ದೋಷ.

ವೈದ್ಯರು ಮೊದಲು ಸ್ಕ್ಯಾನನ್ನು ಪರದೆಯ ಮೇಲೆ ತೆರೆದು, ಬಲಭಾಗದ ಎಲುಬಿನ ಸ್ಪಷ್ಟ ಅಂಚನ್ನೂ ಎಡಭಾಗದಲ್ಲಿ ಉಜ್ಜಿದ ಗಾಜಿನಂತೆ ಮಸುಕಾಗಿ ಹರಡಿದ ಭಾಗವನ್ನೂ ಪೆನ್ನಿನ ತುದಿಯಿಂದ ತೋರಿಸಿದರು. ಆಮೇಲಿನ ವಿವರಣೆಯೇ ಈ ಸೇವೆಯ ತಿರುಳು. ಹೊರಗಿನಿಂದ ಹಾರ್ಮೋನಿನ ಸಂದೇಶ ಬಂದಾಗ, ಜೀವಕೋಶದ ಪೊರೆಯ ಒಳಬದಿಯಲ್ಲಿದ್ದು ಸಂದೇಶ ದಾಟಿಸುವ ಜಿ ಪ್ರೋಟೀನ್ ಸಕ್ರಿಯವಾಗಿ, ಸೈಕ್ಲಿಕ್ ಎಎಂಪಿ ಎಂಬ ಒಳಸಂದೇಶವಾಹಕವನ್ನು ತಯಾರಿಸುವ ಕಿಣ್ವವನ್ನು ಚುರುಕುಗೊಳಿಸುತ್ತದೆ. ಕೆಲಸ ಮುಗಿದ ಮೇಲೆ ಆ ಪ್ರೋಟೀನ್ ತನಗೆ ಅಂಟಿ ತನ್ನನ್ನು ಚಾಲೂ ಇಟ್ಟಿರುವ ಜಿಟಿಪಿ ಎಂಬ ಅಣುವನ್ನು ತಾನೇ ಒಡೆದು ಸುಮ್ಮನಾಗಬೇಕು. ಈ ಪ್ರೋಟೀನಿನ ಭಾಗವನ್ನು ರೂಪಿಸುವ ಜಿಎನ್‌ಎಎಸ್ ಜೀನಿನ ಒಂದು ಸಣ್ಣ ಬದಲಾವಣೆಯಿಂದ, ಹೆಚ್ಚಾಗಿ ಪ್ರೋಟೀನಿನ 201ನೇ ಸ್ಥಾನದ ಆರ್ಜಿನೀನ್ ಎಂಬ ಅಮೈನೋ ಆಮ್ಲ ಹೋಗಿ ಅಲ್ಲಿ ಹಿಸ್ಟಿಡೀನ್ ಅಥವಾ ಸಿಸ್ಟೀನ್ ಬಂದು, ಹಾಗೆ ಒಡೆಯುವ ಶಕ್ತಿ ಕುಂದುತ್ತದೆ. ತೋಟದ ಪಂಪಿನ ಸ್ಟಾರ್ಟರ್ ಆಫ್ ಆಗದೆ ಸಿಕ್ಕಿಕೊಂಡ ಹಾಗೆ ಎಂದದ್ದು ಅಡಿಕೆ ಕೃಷಿಯ ನನ್ನ ತಮ್ಮನಿಗೆ ಕೂಡಲೇ ಅರ್ಥವಾಯಿತು. ಸಂದೇಶ ನಿಲ್ಲದ ಕಾರಣ ಎಲುಬು ಕಟ್ಟಬೇಕಾದ ಕೋಶಗಳು ಬಲಿಯದೆಯೇ ಹೆಚ್ಚುತ್ತ ಹೋಗಿ, ಪದರಪದರವಾದ ಗಟ್ಟಿ ಎಲುಬಿನ ಜಾಗದಲ್ಲಿ ನಾರಿನ ಅಂಗಾಂಶವೂ ಅದರ ನಡುನಡುವೆ ಅಪಕ್ವ ಎಲುಬಿನ ಚೂರುಗಳೂ ತುಂಬಿಕೊಳ್ಳುತ್ತವೆ.

"ಇದು ನಮ್ಮ ಕಡೆಯಿಂದ ಬಂದದ್ದಾ ಡಾಕ್ಟ್ರೇ?" ಎಂದು ಹುಡುಗಿಯ ತಾಯಿ ಕೇಳಿದಳು. ಬಸುರಿಯಿದ್ದಾಗ ಗ್ರಹಣದ ಹೊತ್ತು ಹೊರಗೆ ಬಂದದ್ದರ ಫಲವೆಂದು ನೆಂಟರು ಆಡಿದ್ದ ಮಾತು ಅವಳನ್ನು ಕೊರೆಯುತ್ತಿತ್ತು. "ಇಲ್ಲಮ್ಮ, ಯಾರ ಕಡೆಯಿಂದಲೂ ಅಲ್ಲ" ಎಂದ ವೈದ್ಯರು, ಗರ್ಭಾಂಕುರವಾದ ನಂತರ ಯಾವುದೋ ಒಂದು ಕೋಶದಲ್ಲಿ ಈ ಬದಲಾವಣೆ ತಾನಾಗಿ ಆಗುವುದನ್ನೂ, ಆ ಕೋಶದ ಸಂತತಿ ಇರುವ ಕಡೆ ಮಾತ್ರ ರೋಗ ಕಾಣಿಸುವುದನ್ನೂ ಹೇಳಿದರು. ಎರಡೂ ದವಡೆಗಳು ಉಬ್ಬುವ ಚೆರುಬಿಸಂ ಎಂಬ ರೋಗ ಬೇರೆ. ಎಸ್‌ಎಚ್3ಬಿಪಿ2 ಜೀನಿಗೆ ಸಂಬಂಧಿಸಿದ ಅದು ತಂದೆ ಅಥವಾ ತಾಯಿಯಿಂದ ಮಕ್ಕಳಿಗೆ ಬರಬಹುದು. ನಮ್ಮ ಹುಡುಗಿಯ ಬದಲಾವಣೆ ದೇಹದ ಎಲ್ಲ ಕೋಶಗಳಲ್ಲೂ ಇಲ್ಲದ್ದರಿಂದ ರಕ್ತದಲ್ಲಿ ಸಿಗದೆ ಹೋಗಬಹುದೆಂದು ದುಬಾರಿ ಜೀನ್ ಪರೀಕ್ಷೆ ಬರೆಯಲಿಲ್ಲ. ಪರೀಕ್ಷೆಗಳ ಪಟ್ಟಿ ನೋಡಿಯೇ ಬೆವರುವ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಕತ್ತಿ ಹಿಡಿಯುವ ಆತುರವೂ ಇರಲಿಲ್ಲ. ಹರೆಯ ಕಳೆದಂತೆ ಈ ಬೆಳವಣಿಗೆ ಸಾಮಾನ್ಯವಾಗಿ ನಿಧಾನವಾಗುತ್ತದೆ. ಅದಕ್ಕೂ ಮೊದಲು ಕೆತ್ತಿದರೆ ಮತ್ತೆ ಬೆಳೆಯುವ ಸಂಭವ ಹೆಚ್ಚು. ಕಣ್ಣಿನ ನರದ ಮೇಲೆ ಒತ್ತಡ ಬರುತ್ತಿದೆಯೇ ಎಂದು ಆಗಾಗ ದೃಷ್ಟಿ ಪರೀಕ್ಷೆ ಮಾಡಿಸಲು ಹೇಳಿದರು. ಚರ್ಮದಲ್ಲಿ ಕಾಫಿ ಬಣ್ಣದ ಮಚ್ಚೆಗಳನ್ನು ಹುಡುಕಿ, ಹಾರ್ಮೋನ್ ತಜ್ಞರಲ್ಲಿಗೂ ಕಳಿಸಿದರು, ಏಕೆಂದರೆ ಅಂಥ ಮಚ್ಚೆ, ಅಕಾಲ ಪ್ರೌಢತೆ ಮತ್ತು ಈ ಎಲುಬಿನ ದೋಷ ಕೂಡಿ ಬಂದರೆ ಅದು ಮಕ್ಯೂನ್-ಆಲ್ಬ್ರೈಟ್ ಸಿಂಡ್ರೋಮ್. ವಿಕಿರಣ ಚಿಕಿತ್ಸೆ ಕ್ಯಾನ್ಸರಿಗೆ ದಾರಿ ಮಾಡಬಹುದಾದ್ದರಿಂದ ಅದು ಬೇಡವೆಂದು ಸ್ಪಷ್ಟವಾಗಿ ತಿಳಿಸಿದರು.

ಕೊರತೆಗಳಿಲ್ಲವೆಂದಲ್ಲ. ಟೋಕನ್ ಪಡೆದ ಮೇಲೂ ಮಧ್ಯಾಹ್ನದವರೆಗೆ ಕಾಯಬೇಕಾಯಿತು. ಮಾತು ಕನ್ನಡದಲ್ಲೇ ನಡೆದರೂ ಮನೆಗೆ ಕೊಟ್ಟ ಸೂಚನೆಯ ಹಾಳೆ ಮಲಯಾಳ ಮತ್ತು ಇಂಗ್ಲಿಷಿನಲ್ಲಿತ್ತು. ಗಡಿನಾಡಿನ ಕನ್ನಡಿಗರಿಗೆ ಇದು ಹೊಸತಲ್ಲವಾದರೂ ಸರಿಯೂ ಅಲ್ಲ. ಹಾರ್ಮೋನ್ ತಜ್ಞರಿಗಾಗಿ ನಾವು ಮಂಗಳೂರಿಗೇ ಹೋಗಬೇಕಾಯಿತು. 2020ರ ಮಾರ್ಚಿನಲ್ಲಿ ಕೋವಿಡ್ ಕಾರಣದಿಂದ ಕೇರಳ-ಕರ್ನಾಟಕದ ನಡುವಿನ ತಲಪಾಡಿಯ ಗಡಿ ಮುಚ್ಚಿದಾಗ ರೋಗಿಗಳು ಪಟ್ಟ ಪಾಡು ನೆನಪಿರುವವರಿಗೆ, ಇಷ್ಟಾದರೂ ಗಡಿಯ ಈಚೆಗೇ ಸಿಗುವುದರ ಬೆಲೆ ಗೊತ್ತು. ಹೋಗುವವರು ಸ್ಕ್ಯಾನಿನ ಸಿಡಿಯನ್ನೇ ಒಯ್ಯಿರಿ, ವಾಟ್ಸ್ಯಾಪಿನಲ್ಲಿ ಬಂದ ಚಿತ್ರವನ್ನು ಅವರು ನೋಡುವುದಿಲ್ಲ.