ಡಾರ್ಕ್‌ಟೇಬಲ್‌ನಲ್ಲಿ ಹಕ್ಕಿ ಫೋಟೋ: ಮೌಸಿನ ಚಕ್ರಕ್ಕೇ ನನ್ನ ಪೂರ್ತಿ ಅಂಕ

ಫೋಟೋ ತಿದ್ದಲು ತಿಂಗಳು ತಿಂಗಳು ಬಾಡಿಗೆ ಕೇಳುವ ಸಾಫ್ಟ್‌ವೇರ್ ಬಿಟ್ಟು ಡಾರ್ಕ್‌ಟೇಬಲ್‌ಗೆ ಬಂದು ಕೆಲವು ವರ್ಷಗಳಾದವು. ಬಂದಿದ್ದು ಪುಕ್ಕಟೆ ಸಿಗುತ್ತೆ ಅಂತ. ಉಳಿದುಕೊಂಡಿದ್ದು ಒಂದೇ ಒಂದು ಮಾಡ್ಯೂಲ್‌ಗಾಗಿ (ಒಂದೊಂದು ಬಗೆಯ ತಿದ್ದುವಿಕೆಗೆ ಇರುವ ಉಪಕರಣ): ಟೋನ್ ಈಕ್ವಲೈಸರ್. 2019ರ ಕೊನೆಗೆ ಬಂದ 3.0 ಆವೃತ್ತಿಯಿಂದ ಅದು ಇದೆ. ನಾನು ತೆಗೆಯುವುದು ಬರೀ ಹಕ್ಕಿಗಳನ್ನು, ಅದೂ ರಾ ಫೈಲ್‌ನಲ್ಲಿ, ಅಂದರೆ ಕ್ಯಾಮೆರಾ ತಾನಾಗಿ ತಿದ್ದಿ ಹೊಳಪು ಕೊಡದ ಕಚ್ಚಾ ಚಿತ್ರದಲ್ಲಿ. ಹಾಗಾಗಿ ಉಳಿದ ಸೌಲಭ್ಯಗಳ ಪಟ್ಟಿ ಇಲ್ಲಿ ಕೊಡುವುದಿಲ್ಲ.

ಬಿಸಿಲಿಗೆ ನಿಂತ ಬೆಳ್ಳಕ್ಕಿಯನ್ನೇ ತಗೊಳ್ಳಿ. ಹಿಂದೆ ಕಪ್ಪು ನೀರು. ಸಾಮಾನ್ಯ ಕಾಂಟ್ರಾಸ್ಟ್ ಸ್ಲೈಡರ್ ಎಳೆದರೆ ಬಿಳಿ ಇನ್ನೂ ಬಿಳಿಯಾಗುತ್ತದೆ, ಕಪ್ಪು ಇನ್ನೂ ಕಪ್ಪಾಗುತ್ತದೆ. ಬೆನ್ನಿನ ಗರಿಗಳೆಲ್ಲ ಸೇರಿ ಸುಣ್ಣ ಬಳಿದ ಗೋಡೆ! ನಮಗೆ ಬೇಕಾಗಿದ್ದು ಆ ಬಿಳಿಯ ಒಳಗಿನ ಕಾಂಟ್ರಾಸ್ಟ್, ಅಲ್ವಾ?

ಟೋನ್ ಈಕ್ವಲೈಸರ್ ತೆರೆದು ಕರ್ಸರನ್ನು ಬೆಳ್ಳಕ್ಕಿಯ ಬೆನ್ನ ಮೇಲೆ ತಂದರೆ ಸುತ್ತ ಒಂದು ವೃತ್ತ ಮೂಡುತ್ತದೆ. ಆ ಜಾಗದಲ್ಲಿ ಬೆಳಕು ಎಷ್ಟಿದೆ ಅಂತ ಇವಿ (ಎಕ್ಸ್‌ಪೋಷರ್ ಅಳೆಯುವ ಮಾನ) ಲೆಕ್ಕದಲ್ಲಿ ತೋರಿಸುತ್ತದೆ. ಈಗ ಮೌಸಿನ ಚಕ್ರವನ್ನು ಸ್ವಲ್ಪ ಹಿಂದಕ್ಕೆ ಉರುಳಿಸಬೇಕು, ಅಷ್ಟೇ. ಅಷ್ಟು ಬೆಳಕಿರುವ ಭಾಗಗಳು ಮಾತ್ರ ತಗ್ಗುತ್ತವೆ, ನೀರು ಇದ್ದ ಹಾಗೇ ಇರುತ್ತದೆ. ಇದರ ಮಾಸ್ಕ್ (ಬದಲಾವಣೆ ಯಾವ ಭಾಗಕ್ಕೆ ಅಂತ ಗುರುತಿಸುವ ಪದರ) ದೊಡ್ಡ ಅಂಚುಗಳನ್ನು ಉಳಿಸಿಕೊಂಡು ಒಳಗಿನ ಸಣ್ಣ ವಿವರವನ್ನು ಮಸುಕು ಮಾಡಿ ಬೆಳಕನ್ನು ಅಳೆಯುತ್ತದೆ. ಅದಕ್ಕೇ ಗರಿಗಳ ನಡುವಿನ ತೆಳು ನೆರಳು ಚಪ್ಪಟೆಯಾಗದೆ ಉಳಿಯುತ್ತದೆ. ಆದರೆ ಸೆನ್ಸರ್‌ನಲ್ಲೇ ಸುಟ್ಟುಹೋದ ಬಿಳಿಯನ್ನು ಯಾವ ಸ್ಲೈಡರ್ ಕೂಡ ವಾಪಸ್ ತರುವುದಿಲ್ಲ. ಬಿಳಿ ಹಕ್ಕಿಗೆ ಕ್ಯಾಮೆರಾದಲ್ಲೇ ಎಕ್ಸ್‌ಪೋಷರ್ ಒಂಚೂರು ಇಳಿಸಿಯೇ ತೆಗೆಯುತ್ತೇನೆ.

ಕಾಜಾಣಕ್ಕೆ ಇದರ ತಿರುಗುಮುರುಗು. ರೆಕ್ಕೆಯ ಮೇಲೆ ಕರ್ಸರ್ ಇಟ್ಟು ಚಕ್ರ ಮುಂದಕ್ಕೆ ಉರುಳಿಸಿದರೆ ಕಪ್ಪಿನೊಳಗಿಂದ ನೀಲಿ ಹೊಳಪು ಮೆಲ್ಲಗೆ ಏಳುತ್ತದೆ. ಜಾಸ್ತಿ ಉರುಳಿಸಿದರೆ ಹೊಳಪಿನ ಜೊತೆ ನಾಯ್ಸ್ (ಕಾಳುಕಾಳಾದ ಚುಕ್ಕೆಗಳು) ಕೂಡ ಏಳುತ್ತದೆ. ಎಲ್ಲಿ ನಿಲ್ಲಿಸಬೇಕು ಅಂತ ಹುಡುಕುವುದೇ ನನಗೆ ಈ ಕೆಲಸದ ಅತ್ಯಂತ ಖುಷಿಯ ಭಾಗ. ಆಮೇಲೆ ಕಣ್ಣಿನ ಮೇಲೆ ಒಂದು ಸಣ್ಣ ವೃತ್ತದ ಮಾಸ್ಕ್ ಬಿಡಿಸಿ, ಅಲ್ಲಿಗಷ್ಟೇ ಎಕ್ಸ್‌ಪೋಷರ್ ತುಸು ಏರಿಸುತ್ತೇನೆ.

ಬಣ್ಣಕ್ಕೆ ಬಂದರೆ ಮಿಂಚುಳ್ಳಿ. ಅದರ ಬೆನ್ನಿನ ನೀಲಿ ಬಣ್ಣದ್ರವ್ಯದಿಂದ ಬಂದದ್ದಲ್ಲ. ಗರಿಯೊಳಗಿನ ಕೆರಾಟಿನ್ ಮತ್ತು ಗಾಳಿಯ ಅತಿ ಸಣ್ಣ ರಚನೆ ಬೆಳಕನ್ನು ಚದುರಿಸಿ ಹುಟ್ಟಿಸಿದ್ದು. ಸ್ಯಾಚುರೇಶನ್ ಎಳೆದರೆ ಮೊದಲು ಹಾಳಾಗುವುದು ಈ ನೀಲಿಯೇ. ಸಾಮಾನ್ಯ ಪರದೆಗಳು ತೋರಿಸಬಲ್ಲ ಬಣ್ಣಗಳ ವ್ಯಾಪ್ತಿಯಾದ ಎಸ್‌ಆರ್‌ಜಿಬಿಯ ಮಿತಿ ದಾಟಿದ ಕೂಡಲೇ ಗರಿಯ ಎಳೆಗಳು ಅಳಿಸಿ ಪ್ಲಾಸ್ಟಿಕ್ ತೇಪೆಯಂತೆ ಕಾಣುತ್ತದೆ. ಡಾರ್ಕ್‌ಟೇಬಲ್‌ನ ಗ್ಯಾಮಟ್ ಚೆಕ್ ಒತ್ತಿದರೆ ಮಿತಿ ದಾಟಿದ ಜಾಗ ಬೇರೆ ಬಣ್ಣದಲ್ಲಿ ಎದ್ದು ಕಾಣುತ್ತದೆ. ನಾನು ಕಲರ್ ಬ್ಯಾಲೆನ್ಸ್ ಆರ್‌ಜಿಬಿ ಎಂಬ ಬಣ್ಣದ ಮಾಡ್ಯೂಲ್‌ನಲ್ಲಿ ನೀಲಿಗೆ ಮಾತ್ರ ಮಾಸ್ಕ್ ಹಾಕಿ, ಹಕ್ಕಿಯ ಸುತ್ತ ಗೆರೆಯನ್ನೂ ಎಳೆದುಕೊಳ್ಳುತ್ತೇನೆ. ಇಲ್ಲದಿದ್ದರೆ ಹಿಂದಿನ ಆಕಾಶವೂ ಜೊತೆಗೆ ಬಣ್ಣ ಏರಿಸಿಕೊಂಡು ಕೂರುತ್ತದೆ.

ಇನ್ನು ಬೈಗುಳ. ಈ ಸಾಫ್ಟ್‌ವೇರ್ ಮಾಡಿದವರಿಗೆ ಹೊಸಬರ ಮೇಲೆ ಕನಿಕರವೇ ಇಲ್ಲ. ಕ್ರೋಮಾ, ಸ್ಯಾಚುರೇಶನ್, ವೈಬ್ರನ್ಸ್, ಬ್ರಿಲಿಯನ್ಸ್ ಎಲ್ಲವೂ ಒಂದೇ ಮಾಡ್ಯೂಲ್‌ನಲ್ಲಿ ಸಾಲಾಗಿ ನಿಂತಿವೆ. ಯಾವುದು ಏನು ಮಾಡುತ್ತೆ ಅಂತ ತಿಳಿಯಲು ಎಳೆದು ನೋಡಬೇಕು, ಇಲ್ಲಾ ಕೈಪಿಡಿ ಹಿಡಿದು ಕೂರಬೇಕು. ರಾ ಫೈಲ್ ತೆರೆದಾಗ ಕ್ಯಾಮೆರಾದ ಜೆಪೆಗ್‌ಗಿಂತ ಮಂಕಾಗಿ ಕಾಣುವುದೂ ಹಾಗೇ. ಕಾರಣ ಸರಿ ಇದೆ, ಆದರೆ ಮೊದಲ ದಿನವೇ ಬಿಟ್ಟು ಓಡುವವರನ್ನು ಅದು ತಡೆಯುವುದಿಲ್ಲ. 2022ರ ಡಿಸೆಂಬರ್‌ನ 4.2 ಆವೃತ್ತಿಯಲ್ಲಿ ಸಿಗ್ಮಾಯ್ಡ್ ಎಂಬ ಮಾಡ್ಯೂಲ್ ಬಂದಮೇಲೆ ನನಗೆ ಈ ಕಿರಿಕಿರಿ ಬಹಳ ಕಡಿಮೆಯಾಯಿತು. ಒಂದೆರಡು ಸ್ಲೈಡರ್‌ನಲ್ಲೇ ಕಾಂಟ್ರಾಸ್ಟ್ ಹಿಡಿತಕ್ಕೆ ಬರುತ್ತದೆ.

ಬಿಳಿ ಆಕಾಶದ ಎದುರು ಕೂತ ಕಪ್ಪು ಹಕ್ಕಿಯನ್ನು ಟೋನ್ ಈಕ್ವಲೈಸರ್‌ನಲ್ಲಿ ಜೋರಾಗಿ ಬೆಳಗಿಸಿದರೆ ಮೈಸುತ್ತ ಬೆಳಕಿನ ಬಳೆ ಬರುತ್ತದೆ. ಮಾಸ್ಕಿಂಗ್ ಟ್ಯಾಬಿನಲ್ಲಿ ಅಂಚಿನ ಸೆಟ್ಟಿಂಗ್ ತಿದ್ದಿದರೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಅಂಥ ಚಿತ್ರಕ್ಕೆ ನಾನು ಹಕ್ಕಿಯನ್ನು ನೆರಳಿನ ಆಕಾರವಾಗಿಯೇ ಬಿಟ್ಟುಬಿಡುತ್ತೇನೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಚಕ್ರ ಉರುಳಿಸಿದ ಮೇಲೆ ಚಿತ್ರ ಬದಲಾಗಲು ಒಂದು ಗಳಿಗೆ ಕಾಯಬೇಕು. ನಿಮ್ಮ ಹತ್ತಿರ ಓಪನ್‌ಸಿಎಲ್ (ಲೆಕ್ಕದ ಕೆಲಸವನ್ನು ಗ್ರಾಫಿಕ್ಸ್ ಕಾರ್ಡಿಗೆ ವಹಿಸುವ ವ್ಯವಸ್ಥೆ) ನಡೆಯುವ ಕಾರ್ಡ್ ಇದ್ದರೆ ಈ ದೂರು ಬಿಟ್ಟುಬಿಡಿ. ನಾನಂತೂ ಅದಕ್ಕಾಗಿ ಹೊಸ ಕಂಪ್ಯೂಟರ್ ಕೊಳ್ಳುವವನಲ್ಲ. ಆ ದುಡ್ಡು ಇದ್ದರೆ ಲೆನ್ಸಿಗೆ ಹೋಗುತ್ತದೆ.

ಹಾಕಿಕೊಳ್ಳುವವರು ಒಂದು ನೆನಪಿಡಿ. ಹೊಸ ಆವೃತ್ತಿಯಲ್ಲಿ ಒಮ್ಮೆ ತೆರೆದ ಲೈಬ್ರರಿಯನ್ನು ಹಳೇ ಆವೃತ್ತಿ ಮತ್ತೆ ತೆರೆಯುವುದಿಲ್ಲ. ಅಪ್‌ಡೇಟ್ ಒತ್ತುವ ಮೊದಲು ಲೈಬ್ರರಿಯನ್ನೂ, ಫೋಟೋ ಪಕ್ಕದಲ್ಲಿ ನಿಮ್ಮ ತಿದ್ದುಪಡಿಗಳನ್ನು ಬರೆದಿಡುವ ಎಕ್ಸ್‌ಎಂಪಿ ಫೈಲ್‌ಗಳನ್ನೂ ಬೇರೆ ಕಡೆ ನಕಲು ಮಾಡಿಟ್ಟುಕೊಳ್ಳಿ.