ಪಾಂಗ್‌ನ ಆಮಾ-ಲೆ ಡೇರೆ: ಮ್ಯಾಗಿ ಬಿಡಿ, ರಾಜ್ಮಾ ಕೇಳಿ

ಮನಾಲಿ–ಲೇಹ್ ದಾರಿಯಲ್ಲಿ ಸರ್ಚುವಿನಿಂದ ಬೆಳಿಗ್ಗೆ ಆರಕ್ಕೆ ಸೈಕಲ್ ಹತ್ತಿದವನು ಪಾಂಗ್ ಮುಟ್ಟಿದಾಗ ಸಂಜೆ ಐದೂವರೆ. ನಡುವೆ ಗಾಟಾ ಲೂಪ್ಸ್ ಏರಿನ 21 ತಿರುವು, ನಕೀ ಲಾ, ಆಮೇಲೆ 5,000 ಮೀಟರ್ ದಾಟುವ ಲಾಚುಲುಂಗ್ ಲಾ (‘ಲಾ’ ಅಂದರೆ ಬೆಟ್ಟ ದಾಟುವ ಕಣಿವೆದಾರಿ). ಒಂದೂ ಊರಿಲ್ಲ. ಈ ಪ್ಯಾರಾಚೂಟ್ ಡೇರೆಗೆ ಬೋರ್ಡಿಲ್ಲ. ನಡೆಸುವ ಲಡಾಖಿ ಅಮ್ಮನನ್ನು ಎಲ್ಲರೂ ಆಮಾ-ಲೆ ಅಂತಾರೆ, ನಾನೂ ಅಂದೆ.

ತರಕಾರಿ ಇದೆಯಾ ಅಂತ ಕೇಳಿದ್ದಕ್ಕೆ ಮಂಚದಡಿಯಿಂದ ಒಂದು ಎಲೆಕೋಸು ತೆಗೆದು ತೋರಿಸಿದರು. ಹೊರಗಿನ ಎಲೆ ಕಾಗದದ ಹಾಗೆ ಒಣಗಿತ್ತು. ಅದರದ್ದೇ ನಾಲ್ಕು ಎಳೆ ನನ್ನ ತುಕ್ಪಾಕ್ಕೆ, ಅಂದರೆ ನೂಡಲ್ಸ್ ಸಾರಿಗೆ, ಬಿತ್ತು. ಲಾರಿಯಲ್ಲಿ ಕುಲುಕಿಕೊಂಡು ಬರುವ ಜಾಗಕ್ಕೆ ಕೋಸು, ಈರುಳ್ಳಿ, ಆಲೂಗಡ್ಡೆ ಬಿಟ್ಟರೆ ಇನ್ನೇನು ತಡೆದೀತು?

ಸುಸ್ತಾದವರೆಲ್ಲ ಮ್ಯಾಗಿಗೆ ಬೀಳ್ತಾರೆ. ಹಿಂದಿನ ದಿನ ಬೇರೊಂದು ಡೇರೆಯಲ್ಲಿ ನಾನೂ ಬಿದ್ದಿದ್ದೆ. ಎರಡು ಗಂಟೆಯೊಳಗೆ ಕಾಲು ಸೋತಿತ್ತು. ಇಲ್ಲಿ ರಾಜ್ಮಾ-ಅನ್ನ, ಜೊತೆಗೆ ಎರಡು ಮೊಟ್ಟೆ ಹೇಳಿ. ಈ ಎತ್ತರದಲ್ಲಿ ನೀರು 85 ಡಿಗ್ರಿ ಆಸುಪಾಸಿಗೇ ಕುದಿಯುತ್ತೆ, ಬರೀ ಪಾತ್ರೆಯಲ್ಲಿ ಕಾಳು ಬೇಯಲ್ಲ. ಆಮಾ-ಲೆ ಹಿಂದಿನ ರಾತ್ರಿಯೇ ನೆನೆಹಾಕಿ ಕುಕ್ಕರ್‌ಗೆ ಇಡ್ತಾರೆ. ಕಂಬಳಿಯೊಳಗಿಂದಲೇ ಹದಿನಾಲ್ಕು ಕೂಗು ಎಣಿಸಿದೆ. ಕಾಳು ಒತ್ತಿದರೆ ಬೆಣ್ಣೆ. ಉಪ್ಪು ಒಂದು ಹಿಡಿ ಮುಂದೆ, ಆದರೆ ದಿನವಿಡೀ ಬೆವರಿದ ಮೈಗೆ ಅದೇ ಹಿತವಾಯ್ತು. ಎತ್ತರಕ್ಕೆ ಹಸಿವೇ ಸತ್ತಿರುತ್ತೆ. ಅರ್ಧ ತಟ್ಟೆ ಬಿಟ್ಟೆದ್ದವನನ್ನು ಗದರಿ ಕೂರಿಸಿದರು.

ಬೆಳಿಗ್ಗೆ ಬೆಣ್ಣೆ-ಉಪ್ಪಿನ ಚಹಾ. ಚೀಲದಲ್ಲಿ ನಮ್ಮತ್ತೆ ಕಟ್ಟಿಕೊಟ್ಟ ರಾಗಿ ಹುರಿಹಿಟ್ಟಿತ್ತು. ಮೂರು ಚಮಚ ಅದಕ್ಕೇ ಸುರಿದು ಕಲಸಿದೆ. ಆಮಾ-ಲೆ "ತ್ಸಂಪಾ?" ಅಂತ ಕೇಳಿ, ತಮ್ಮ ಹುರಿದ ಬಾರ್ಲಿ ಹಿಟ್ಟಿನ ಡಬ್ಬಿ ತಂದು ಪಕ್ಕಕ್ಕಿಟ್ಟರು. ನಮ್ಮದನ್ನು ಬೆರಳಲ್ಲಿ ನೆಕ್ಕಿದರು, ಬಣ್ಣ ನೋಡಿ ಮುಖ ಕಿವುಚಿದರು, ಇನ್ನೊಂದು ಸಲ ನೆಕ್ಕಿದರು. ಆ ಒಂದು ಬಟ್ಟಲು ಮಧ್ಯಾಹ್ನದವರೆಗೂ ತಳ್ಳಿತು.

ಊಟ, ಹಾಸಿಗೆ, ಚಹಾ ಸೇರಿ ನನಗೆ 500 ರೂಪಾಯಿ ಆಯ್ತು. ತಕರಾರು ಅಂದರೆ ಸ್ಟೋವಿನ ಹೊಗೆ, ರಾತ್ರಿಯೆಲ್ಲ ಕೆಮ್ಮು. ಸೊಪ್ಪು-ತರಕಾರಿಯಿಲ್ಲದೆ ಮೂರು ದಿನದಿಂದ ಹೊಟ್ಟೆ ಬೇರೆ ಕಟ್ಟಿತ್ತು. ಅದಕ್ಕೂ ಅವರ ಹತ್ತಿರ ಮದ್ದಿದೆ, ಒಣ ಜರ್ದಾಳು (ಏಪ್ರಿಕಾಟ್). ಹತ್ತು ಕಾಯಿ ರಾತ್ರಿ ನೆನೆಸಿಟ್ಟು, ಬೆಳಿಗ್ಗೆ ನೀರಿನ ಸಮೇತ ತಿನ್ನಿಸಿದರು. ಕೆಲಸ ಮಾಡಿತು, ಆದರೆ ಪಾಂಗ್ ದಾಟಿದ ಮೇಲೆ ಸಿಗುವ ‘ಮೋರೆ’ ಅನ್ನೋ ಬಯಲಿನ ನಟ್ಟನಡುವೆ. ಅಲ್ಲಿ ಮರೆಗೆ ಒಂದು ಪೊದೆಯೂ ಇಲ್ಲ.